ಬೀಗಕ್ಕೇ ಕಟ್ಟಿದ ಮುಡಿಪು

ಸ್ನೇಹಿತರೇ, ಟ್ರಂಕಿಗೆ ನಂಬರ್ ಲಾಕ್ ಹಾಕಿದ ಜಾಣೆ ನಾನು. ಹೋದ ವಾರ ಯಾರೋ ಅದನ್ನು ಮುರಿದು ನನ್ನ ತುಪ್ಪದ ಡಬ್ಬಿ ಒಯ್ದರು. ಶಿಕಾರಿಪುರದ ನಮ್ಮ ಹಾಸ್ಟೆಲಿನಲ್ಲಿ ಏನೂ ಕಳೆದುಕೊಳ್ಳದವಳು ಒಬ್ಬಳೇ, ನನ್ನ ರೂಮಿನ ಸುಮಾ. ಸೊರಬದ ಕಡೆ ಉಳವಿಯವಳು. ಅವಳ ಟ್ರಂಕಿನ ಕೀಲಿ ಅದರ ಬೀಗಕ್ಕೇ ನೇತಾಡುತ್ತಿರುತ್ತದೆ, ದೇವರಿಗೆ ಮುಡಿಪು ಕಟ್ಟುವ ಹಾಗೆ ಅರಿಸಿನದ ಬಟ್ಟೆಯಲ್ಲಿ ಗಂಟು ಹಾಕಿಸಿಕೊಂಡು.

ಇವತ್ತು ಬೆಳಿಗ್ಗೆ ವಾರ್ಡನ್ ಮೇಡಂ ಕರೆಂಟ್ ಕೆಟಲ್ ಹುಡುಕಿಕೊಂಡು ಬಂದರು. ನನ್ನ ಟ್ರಂಕ್ ತೆಗೆಸಿ ಕೆಟಲ್ ಎತ್ತಿಕೊಂಡರು. ಸುಮಾ ಕಾಲೇಜಿಗೆ ಹೋಗಿದ್ದಳು. ಅವಳ ಟ್ರಂಕಿಗೆ ಕೈ ಹಾಕಿದ ಮೇಡಂ ಗಂಟು ಕಂಡವರೇ ಹಿಂದೆ ಸರಿದು, ಚಪ್ಪಲಿ ಬಿಟ್ಟು ಕೈ ಮುಗಿದರು.

"ಮುಡಿಪು ಕಟ್ಯಾಳವ್ವಾ, ಮುಟ್ಟಬಾರ್ದು" ಎಂದು ಹೊರಟೇ ಹೋದರು.

ನಾನು ಬೆರಗಾಗಿ ನಿಂತೆ. ಆ ಟ್ರಂಕಿನಲ್ಲಿರುವುದು ನನ್ನದಕ್ಕಿಂತ ದೊಡ್ಡ ಕೆಟಲ್!

ಸಂಜೆ ಅದರಲ್ಲೇ ಚಹಾ ಕಾಯಿಸುತ್ತಿದ್ದ ಸುಮಾಳನ್ನು ಕೇಳಿದೆ, "ಯಾವ ದೇವ್ರಿಗೇ ಈ ಮುಡಿಪು?"

"ಅದಿನ್ನೂ ಯೋಚ್ನೆ ಮಾಡಿಲ್ಲ ಮಾರಾಯ್ತಿ!"

ಇಷ್ಟು ಗೊತ್ತಾದ ಮೇಲೂ ನೋಡಿ, ಅವಳು ಆಚೆ ಹೋದಾಗ ಅವಳ ಟ್ರಂಕಿನಲ್ಲಿದ್ದ ಸಕ್ಕರೆಗೆಂದು ಆ ಗಂಟು ಬಿಚ್ಚಲು ಕೈ ಚಾಚಿದೆ. ಕೈಗಳು ತಾವಾಗಿಯೇ ಮುಗಿದುಕೊಂಡವು.