ಸರೋವರದ ಲಟ್ಟಣಿಗೆ

ಬೇಸಿಗೆಯ ಭಾನುವಾರಗಳಲ್ಲಿ ಸಂಜೆ ಅವರು ನಮ್ಮ ಬಾಗಿಲಿಗೆ ಬಂದರೆ ಮುಖದ ಮೇಲೆ ಒಂದು ಕೆಂಪು ಉಂಗುರ ಇರುತ್ತಿತ್ತು. ಹಣೆಯ ನಡುವೆ ಶುರುವಾಗಿ, ಕಣ್ಣುಗಳ ಎರಡು ಪಕ್ಕಕ್ಕೂ ಇಳಿದು, ಮೂಗಿನ ಕೆಳಗೆ ಬಿಳಿ ಮೀಸೆಯ ಮೇಲೆ ಬಂದು ಸೇರುವ ಅಚ್ಚು. ಸರೋವರದ ತಳಕ್ಕೆ ಇಳಿಯುವಾಗ ಹಾಕಿಕೊಳ್ಳುವ ಮಾಸ್ಕಿನ ಗುರುತು ಅದು. ಊಟ ಮುಗಿಯುವವರೆಗೂ ಮಾಸುತ್ತಿರಲಿಲ್ಲ. ನನ್ನ ಮಗ ಚಿಕ್ಕವನಿದ್ದಾಗ ಅವರನ್ನು ‘ಸರ್ಕಲ್ ಅಂಕಲ್’ ಎಂದೇ ಕರೆಯುತ್ತಿದ್ದ. ಅವನನ್ನು ಗದರಲು ಹೋದರೆ ಅವರೇ ನನ್ನನ್ನು ತಡೆಯುತ್ತಿದ್ದರು.

ಅಮೆರಿಕದ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ನಮ್ಮ ಪಕ್ಕದ ಮನೆಯವರು. ಊರು ಹೊಸಪೇಟೆ ಕಡೆ, ಕಸುಬು ಹಲ್ಲಿನ ಡಾಕ್ಟರು. ನಮ್ಮ ಬಡಾವಣೆಯ ಅರ್ಧ ಜನರ ಹಲ್ಲು ಅವರ ಕೈ ದಾಟಿಯೇ ಬಂದದ್ದು. ಕುರ್ಚಿಯಲ್ಲಿ ಮಲಗಿಸಿ, ಬಾಯಿತುಂಬ ಹತ್ತಿ ತುರುಕಿ, ಆಮೇಲೆ ಮುಳುಗಿದ ಹಡಗುಗಳ ಕಥೆ ತೆಗೆಯುತ್ತಿದ್ದರು. ಬಾಯಿ ತೆರೆದು ಮಲಗಿದವರು ಎದ್ದು ಹೋಗುವಂತಿಲ್ಲ, ಮಧ್ಯೆ ಮಾತಾಡುವಂತೆಯೂ ಇಲ್ಲ. ಇಂಥ ಕೇಳುಗರು ಯಾವ ಪುರಾಣಿಕನಿಗೆ ಸಿಕ್ಕಾರು! ನನಗೆ ಹ್ಯೂರಾನ್ ಸರೋವರದ ತಳದ ಅರ್ಧ ಇತಿಹಾಸ ಗೊತ್ತಿದ್ದರೆ ಅದು ನನ್ನ ಬಲಗಡೆ ದವಡೆ ಹಲ್ಲಿನ ಪುಣ್ಯ.

ಅವರು ಹೇಳುತ್ತಿದ್ದ ಎಲ್ಲ ಕಥೆಗಳ ತಿರುಳು ಒಂದೇ. ಬಿಸಿ ಸಮುದ್ರದಲ್ಲಿ ಮುಳುಗಿದ ಮರದ ಹಡಗನ್ನು ಹುಳ ಕೊರೆದು ತಿಂದುಬಿಡುತ್ತದೆ, ಕೆಲವೇ ವರ್ಷಗಳಲ್ಲಿ ಕಬ್ಬಿಣದ ಮೊಳೆ ಬಿಟ್ಟು ಏನೂ ಉಳಿಯುವುದಿಲ್ಲ. ನಮ್ಮ ಈ ಸರೋವರದ ಆಳದಲ್ಲಿ ನೀರು ಸಿಹಿ, ಮೇಲೆ ಬೇಸಿಗೆ ಉರಿಯುತ್ತಿದ್ದರೂ ಕೆಳಗೆ ಫ್ಯಾರನ್‌ಹೀಟಿನ ನಲವತ್ತು ಡಿಗ್ರಿ, ಅಂದರೆ ನಮ್ಮೂರಿನ ಲೆಕ್ಕದಲ್ಲಿ ನಾಲ್ಕೈದು ಡಿಗ್ರಿ, ದಾಟುವುದಿಲ್ಲ. ಅಲ್ಲಿ ಆ ಹುಳ ಇಲ್ಲ. ಹಾಗಾಗಿ ಅಜ್ಜ ಮುತ್ತಜ್ಜಂದಿರ ಕಾಲದ ಹಡಗುಗಳು ಪಟಕಂಬದ ಸಮೇತ ನಿಂತಿವೆ, ಒಳಗೆ ತಟ್ಟೆ ಲೋಟ ಜೋಡಿಸಿಟ್ಟ ಹಾಗೇ ಇವೆ. ಧ್ರುವದ ಕಡೆಯ ಸಮುದ್ರ ಉಪ್ಪಾದರೂ ಅಲ್ಲಿನ ಚಳಿಗೂ ಈ ಹುಳಕ್ಕೂ ಆಗಿಬರುವುದಿಲ್ಲವಂತೆ. “ಬಿಸಿನೀರು ತಿಂತೈತೆ, ತಣ್ಣೀರು ಇಟ್ಕಂತೈತೆ” ಎನ್ನುತ್ತಿದ್ದರು. ಅವರು ಹುಟ್ಟಿದ ಹಳ್ಳಿ ತುಂಗಭದ್ರಾ ಡ್ಯಾಮಿನ ಹಿನ್ನೀರಿನಲ್ಲಿ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜಿ ಕೈಹಿಡಿದು ಕರೆದುಕೊಂಡು ಹೋಗಿ ಮನೆ ಇದ್ದ ಜಾಗ ತೋರಿಸುತ್ತಿದ್ದರಂತೆ. ಬಿರಿದ ಕೆಸರು, ಅದರಲ್ಲಿ ಒಂದು ಒರಳುಕಲ್ಲು, ಅಷ್ಟೇ. ಈ ಮನುಷ್ಯ ಮೂಳೆ ಕೊರೆಯುವ ನೀರಿಗೆ ಯಾಕೆ ಇಳಿಯುತ್ತಾರೆ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಆ ಒರಳುಕಲ್ಲಿನ ಕಥೆ ಕೇಳಿದ ಮೇಲೆ ನಾನು ಆಡಿಕೊಳ್ಳುವುದನ್ನು ಬಿಟ್ಟೆ.

ಅವರದೊಂದು ವಿಚಿತ್ರ ಅಭ್ಯಾಸವಿತ್ತು. ಯಾರ ಮನೆಗೆ ಹೋದರೂ ತೆಗೆದುಕೊಂಡ ವಸ್ತುವನ್ನು ತೆಗೆದ ಜಾಗಕ್ಕೇ ಇಡಬೇಕು. ಯುಗಾದಿಗೆ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದಾಗ, ಚಿತ್ರಾನ್ನದ ಸೌಟು ಹಿಡಿದುಕೊಂಡು ಇದು ಯಾವ ಪಾತ್ರೆಯದು ಎಂದು ಹುಡುಕುತ್ತಾ ನಿಲ್ಲುತ್ತಿದ್ದರು, ಹಿಂದೆ ಸಾಲು ಬೆಳೆಯುತ್ತಿತ್ತು. ಅವರ ಹೆಂಡತಿ, ನಮ್ಮೆಲ್ಲರ ಆಂಟಿ, “ಆ ಸೌಟು ನಿಮ್ಮ ಹಡಗಿನದಲ್ಲ, ಕೆಳಗಿಡ್ರಿ” ಎಂದು ಎಲ್ಲರೆದುರು ರೇಗಿಸುತ್ತಿದ್ದರು. ಅಂಕಲ್ ನಗುತ್ತಿದ್ದರು. ಆ ನಗುವಿನಲ್ಲಿ ಏನೋ ಒಂದು ಕಡಿಮೆ ಇತ್ತು ಎಂದು ಈಗ ಅನಿಸುತ್ತದೆ, ಆಗ ಯಾರು ನೋಡಿದ್ದರು.

ಅವರ ಋಣ ನನ್ನ ಮಗನ ಬಾಯಲ್ಲೇ ಇದೆ. ಅವನಿಗೆ ಒಂಬತ್ತೋ ಹತ್ತೋ ವರ್ಷ ಇರಬೇಕು, ಚಳಿಗಾಲ. ಡ್ರೈವ್‌ವೇಯ ಐಸ್ ಮೇಲೆ ಜಾರಿ ಮುಖ ಅಡಿಯಾಗಿ ಬಿದ್ದ, ಮುಂದಿನ ಹಲ್ಲು ಬೇರುಸಮೇತ ಕಿತ್ತು ಬಂತು. ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ, ಹಾಲುಹಲ್ಲು ಬಿತ್ತು ಅಂದುಕೊಂಡು, ನಾನು ಟವೆಲ್ ತರುವಷ್ಟರಲ್ಲಿ ಅದನ್ನು ಎತ್ತಿ ಪದ್ಧತಿಯಂತೆ ಗರಾಜಿನ ಸೂರಿನ ಮೇಲಕ್ಕೆ ಎಸೆದೇಬಿಟ್ಟರು. ಕೂಗಾಟ ಕೇಳಿ ಪಕ್ಕದ ಮನೆಯಿಂದ ಓಡಿಬಂದ ಅಂಕಲ್ ಏಣಿ ಹಾಕಿ, ಆ ವಯಸ್ಸಿನಲ್ಲಿ ಸೂರು ಹತ್ತಿ, ಹಿಮ ಕೆದಕಿ ಹಲ್ಲು ಹುಡುಕಿ ತಂದರು. ಬೇರು ಮುಟ್ಟಬೇಡ, ಒರೆಸಬೇಡ, ಹಾಲು ತಾ ಎಂದರು. ಹಾಲಿನ ಲೋಟದಲ್ಲಿ ಹಲ್ಲು, ಹಿಂದಿನ ಸೀಟಿನಲ್ಲಿ ಅಳುವ ಮಗ, ಸ್ಟಿಯರಿಂಗ್ ಹಿಡಿದು ಅವರು. ಕ್ಲಿನಿಕ್ಕಿಗೆ ಹೋಗಿ ಅದನ್ನು ಅದರ ಗೂಡಿಗೇ ಕೂರಿಸಿದರು. ಕೈ ತೊಳೆಯುತ್ತಾ ನನಗೆ ಹೇಳಿದ್ದು ಇಷ್ಟು: “ಕಿತ್ತದ್ದನ್ನ ಒಣಗಾಕ ಬಿಡಬಾರದು. ಬೇಗ ಒಯ್ದು ಅದರ ಜಾಗಕ್ಕೆ ಇಡಬೇಕು. ತಡ ಆದ್ರೆ ಜಾಗನೇ ಮುಚ್ಚಿ ಹೋಗತೈತಮ್ಮ.” ಹಲ್ಲಿನ ಮಾತು ಅಂತಲೇ ನಾನು ತಿಳಿದಿದ್ದೆ.

ಆಮೇಲೆ ವರ್ಷಗಳು ಹೋದವು. ಅವರು ಕ್ಲಿನಿಕ್ ಬಿಟ್ಟುಕೊಟ್ಟರು, ಹೃದಯಕ್ಕೆ ಸ್ಟೆಂಟ್ ಬಂತು, ಇನ್ನು ತಣ್ಣೀರಿನ ಸಹವಾಸ ಬೇಡ ಎಂದು ಕಾರ್ಡಿಯಾಲಜಿಸ್ಟ್ ಖಡಾಖಂಡಿತ ಹೇಳಿದರು. ಮುಖದ ಮೇಲಿನ ಉಂಗುರ ನಿಂತುಹೋಯಿತು. ಆ ಕಾಲದಲ್ಲೇ ದಕ್ಷಿಣ ಧ್ರುವದ ಬಳಿ, ಮಂಜುಗಡ್ಡೆಯ ಸಮುದ್ರದ ತಳದಲ್ಲಿ, ನೂರು ವರ್ಷಕ್ಕೂ ಹಿಂದೆ ಮುಳುಗಿದ ಒಂದು ಹಡಗು ಸಿಕ್ಕಿತು ಎಂಬ ಸುದ್ದಿ ಬಂತು. ನಮ್ಮ ಬೇಸ್‌ಮೆಂಟಿನ ಟಿವಿ ದೊಡ್ಡದು ಎಂದು ಅದರ ವಿಡಿಯೋ ನೋಡಲು ಅಂಕಲ್ ಆಂಟಿ ಇಬ್ಬರೂ ನಮ್ಮ ಮನೆಗೆ ಬಂದರು. ಕತ್ತಲ ನೀರಿನಲ್ಲಿ ಕ್ಯಾಮೆರಾದ ಬೆಳಕು ಬಿದ್ದ ಹಾಗೆ ಹಡಗಿನ ಹಿಂಭಾಗ ಕಂಡಿತು. ಹಲಗೆಗಳು ನೆಟ್ಟಗೆ ನಿಂತಿದ್ದವು, ಚುಕ್ಕಾಣಿಯ ಚಕ್ರ ಹಾಗೇ ಇತ್ತು, ಹಡಗಿನ ಹೆಸರಿನ ಅಕ್ಷರಗಳನ್ನು ಓದಬಹುದಿತ್ತು. ಅಂಕಲ್ ಮುಂದಕ್ಕೆ ಬಾಗಿ ಕೂತು, ಏನನ್ನಾದರೂ ಮೇಲೆ ಎತ್ತಿದರಾ ಎಂದು ಕೇಳಿದರು. ಇಲ್ಲವಂತೆ, ಎತ್ತುವುದಕ್ಕೆ ಅನುಮತಿಯೇ ಇಲ್ಲವಂತೆ, ಬರೀ ಫೋಟೋ ತೆಗೆದುಕೊಂಡು ಬಂದರಂತೆ ಎಂದೆ. ಅವರ ಕಣ್ಣು ತುಂಬಿತು. ಆಂಟಿ ಟೀ ಬಿಸಿ ಮಾಡಲು ಮಹಡಿಗೆ ಹೋದ ಮೇಲೆ ನನಗೊಂದು ವಿಷಯ ಹೇಳಿದರು.

ಮದುವೆಯಾದ ಹೊಸತು. ಆಂಟಿ ಗಂಗಾವತಿಯಿಂದ ಬಂದಿಳಿದಾಗ ಪೆಟ್ಟಿಗೆಯಲ್ಲಿ ಎಲ್ಲವೂ ಇತ್ತು, ಲಟ್ಟಣಿಗೆ ಒಂದು ಮರೆತಿತ್ತು. ಗಾಜಿನ ಬಾಟಲಿಯಲ್ಲಿ ಚಪಾತಿ ಲಟ್ಟಿಸುತ್ತಿದ್ದರಂತೆ. ಅದೇ ಬೇಸಿಗೆಯಲ್ಲಿ ಅಂಕಲ್ ಹ್ಯೂರಾನಿನಲ್ಲಿ ಒಂದು ಹಳೆಯ ಸರಕು ಹಡಗಿಗೆ ಇಳಿದರು. ಹಡಗಿನ ಅಡುಗೆಮನೆಯ ಶೆಲ್ಫಿನ ಮೇಲೆ ಒಂದು ಮರದ ಲಟ್ಟಣಿಗೆ, ಯಾರೋ ಈಗ ತಾನೇ ಕೈತೊಳೆಯಲು ಎದ್ದು ಹೋದ ಹಾಗೆ. ತಂದುಬಿಟ್ಟರು. ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು ಎಂದು ಹೆಂಡತಿಗೆ ಕೊಟ್ಟರು. ಹೊಸ ಮರದ ಸಾಮಾನು ಮನೆಗೆ ಬಂದರೆ ನಮ್ಮವರು ಏನು ಮಾಡುತ್ತಾರೋ ಆಂಟಿಯೂ ಅದನ್ನೇ ಮಾಡಿದರು. ಚೆನ್ನಾಗಿ ತೊಳೆದು, ಎಣ್ಣೆ ಕುಡಿಸಿ, ಜುಲೈ ಬಿಸಿಲಿಗೆ ಹಿತ್ತಿಲ ಮರದ ಜಗಲಿಯ ಮೇಲೆ ಇಟ್ಟರು. ವಾರ ಕಳೆಯುವುದರೊಳಗೆ ಅದು ಸುಕ್ಕುಗಟ್ಟಿ, ಉದ್ದುದ್ದ ಸೀಳಿ, ಸೌದೆ ಚಕ್ಕೆಯಾಗಿ ಕೂತಿತ್ತು. ತಣ್ಣೀರು ಅಷ್ಟು ಕಾಲ ಜೋಪಾನ ಮಾಡಿದ್ದು ಅವರ ಮನೆಯ ಒಂದು ವಾರ ತಾಳಲಿಲ್ಲ. ಆಂಟಿ ಅತ್ತರಂತೆ. ಅಮೆರಿಕದ ಮರವೇ ಅಷ್ಟು ಎಂದು ಇವರು ಸಮಾಧಾನ ಮಾಡಿದರಂತೆ. ಆಂಟಿ ಆ ಸೀಳುಗಳನ್ನು ಎಸೆಯಲಿಲ್ಲ. ಗಂಡ ಕೊಟ್ಟ ಮೊದಲ ಉಡುಗೊರೆ ಎಂದು ದಾರದಲ್ಲಿ ಕಟ್ಟಿ ಅಡುಗೆಮನೆಯ ಡ್ರಾಯರಿನಲ್ಲಿ ಇಟ್ಟುಕೊಂಡರು.

ಅಂದಿನಿಂದ ಅವರು ಸರೋವರದಲ್ಲಿ ಒಂದು ಕಲ್ಲನ್ನೂ ಮುಟ್ಟಲಿಲ್ಲ. ಆದರೆ ಆ ಲಟ್ಟಣಿಗೆಯನ್ನು ವಾಪಸ್ ಇಡಬೇಕು ಎಂಬುದು ಅವರನ್ನು ಬಿಡಲಿಲ್ಲ. ಒಣಗಿದ ಮರ ದೋಣಿಯಿಂದ ಹಾಕಿದರೆ ತೇಲುತ್ತದೆ, ಕೈಯಲ್ಲಿ ಹಿಡಿದು ಇಳಿದು ಶೆಲ್ಫಿನ ಮೇಲೇ ಇಟ್ಟು ಬರಬೇಕು. ತನ್ನ ಕೈಲಾಗದಿದ್ದರೆ ತನ್ನ ಡೈವಿಂಗ್ ಜೊತೆಗಾರ, ಇಲ್ಲಿಯವನೇ ಆದ ಒಬ್ಬ ಬಡಗಿ, ಇಟ್ಟುಬರುತ್ತೇನೆಂದು ಮಾತು ಕೊಟ್ಟಿದ್ದ. ಉಳಿದಿದ್ದು ಒಂದೇ ಕೆಲಸ, ಆಂಟಿಯನ್ನು ಕೇಳುವುದು. ಅದಕ್ಕೂ ಕಾಲ ಮೀರುತ್ತಿತ್ತು. ಹೊರದೇಶದ ಹಡಗುಗಳ ಜೊತೆ ಬಂದ ಪುಟ್ಟ ಕಪ್ಪೆಚಿಪ್ಪುಗಳು ಈಗ ಸರೋವರದ ತಳವನ್ನೆಲ್ಲ ಮುತ್ತಿವೆ, ಒಂದರ ಮೇಲೊಂದು ಕೂತು ಹಲಗೆಗಳನ್ನು ಭಾರಕ್ಕೇ ಕೆಡವುತ್ತಿವೆ.

ಕೇಳಿಬಿಡಿ ಅಂಕಲ್, ಆಂಟಿ ಏನೂ ಅನ್ನುವುದಿಲ್ಲ ಎಂದೆ. “ನಾ ಕೊಟ್ಟ ಮೊದಲನೇ ವಸ್ತು ಕದ್ದದ್ದು ಅಂತ ಹೆಂಗ ಹೇಳ್ಲಮ್ಮ? ಅದನ್ನ ಕೆಡಿಸಿದ್ದು ನೀ ಇಟ್ಟ ಬಿಸಿಲು ಅಂತ ಹೆಂಗ ಹೇಳ್ಲಿ?” ಎಂದರು. ಅಷ್ಟರಲ್ಲಿ ಆಂಟಿ ಟೀ ತಂದರು. ಮಾತು ಹಡಗಿಗೆ ತಿರುಗಿತು.

ಮುಂದೆ ಸಿಕ್ಕಾಗಲೆಲ್ಲ ನಾನು ಹುಬ್ಬು ಹಾರಿಸಿ ಕೇಳುತ್ತಿದ್ದೆ, ಅವರು ತಲೆ ಅಲ್ಲಾಡಿಸುತ್ತಿದ್ದರು. ರಂಜಾನ್ ಆಗಲಿ, ಮಗಳು ಷಿಕಾಗೋದಿಂದ ಬಂದು ಹೋಗಲಿ, ಬೇಸಿಗೆ ಬರಲಿ ಎನ್ನುತ್ತಿದ್ದರು. ಬೇಸಿಗೆಯೂ ಬಂದು ಹೋಯಿತು. ಮುಂದಿನ ಫೆಬ್ರವರಿಯಲ್ಲಿ, ಬೆಳಗಿನ ನಮಾಜು ಮುಗಿಸಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಮರುದಿನ, ಹೆಪ್ಪುಗಟ್ಟಿದ ನೆಲ ಅಗೆದು ಮಣ್ಣು ಮಾಡಿದರು. ನನ್ನ ಮಗ ಹೆಗಲು ಕೊಟ್ಟ. ನಾನು ಕಾರಿನಲ್ಲೇ ಕೂತಿದ್ದೆ.

ಏಪ್ರಿಲಿನಲ್ಲಿ ಮನೆ ಖಾಲಿ ಮಾಡಿ ಆಂಟಿಯನ್ನು ಮಗಳು ಷಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸಿನ ತನ್ನ ಮನೆಗೆ ಕರೆದುಕೊಂಡು ಹೋಗುವುದೆಂದಾಯಿತು. ಅಡುಗೆಮನೆಯ ಪ್ಯಾಕಿಂಗಿಗೆ ನಾನು ಹೋಗಿದ್ದೆ. ಡ್ರಾಯರಿನಿಂದ ದಾರ ಕಟ್ಟಿದ ಸೀಳುಗಳು ಬಂದವು. ನಾನು ಎಷ್ಟೇ ತಡೆದುಕೊಂಡರೂ ಮುಖ ಗುಟ್ಟು ಬಿಟ್ಟುಕೊಟ್ಟಿತು. ಆಂಟಿ ನನ್ನನ್ನು ನೋಡಿ, ನಿನಗೂ ಗೊತ್ತಾ ಎಂದರು. ನಾನು ಎಲ್ಲ ಹೇಳಿದೆ. ಅವರು ಅಲ್ಲೇ ರಟ್ಟಿನ ಪೆಟ್ಟಿಗೆಯ ಮೇಲೆ ಕೂತರು.

“ಸರೋವರದ್ದು ಅಂತ ನನಗ ಅವತ್ತೇ ಗೊತ್ತಿತ್ತು. ಅವರ ಡೈವಿಂಗ್ ಬಟ್ಟೆ ವಾಸನೆನೇ ಇತ್ತು ಅದಕ್ಕ. ಬಿಸಿಲಿಗಿಟ್ಟು ನಾ ಕೆಡಿಸಿದೆ, ಈಗ ಎಸೆದ್ರೆ ಇನ್ನೂ ಬ್ಯಾಸರ ಮಾಡ್ಕಂತಾರ ಅಂತ ಇಟ್ಕಂಡೆ. ಇಲ್ಲಾಂದ್ರೆ ಈ ಕಟ್ಟಿಗಿ ತಗಂಡು ನಾನೇನು ಮಾಡ್ಲಿ?”

ಜೂನ್ ಕೊನೆಗೆ ಆ ಬಡಗಿ ಜೊತೆಗಾರನ ದೋಣಿಯಲ್ಲಿ ನಾನೂ ಹೋದೆ. ಆಂಟಿಗೆ ದೋಣಿ ಆಗದು, ನೋಡಿಕೊಂಡು ಬಂದು ಹೇಳು ಎಂದು ನನ್ನನ್ನು ಕಳಿಸಿದ್ದರು. ಆತ ಸೀಳುಗಳನ್ನು ಬಲೆಯ ಚೀಲದಲ್ಲಿ ಹಾಕಿ ಸೊಂಟಕ್ಕೆ ಕಟ್ಟಿಕೊಂಡು ಇಳಿದ. ಬಹಳ ಹೊತ್ತಾದ ಮೇಲೆ ಮೇಲೆ ಬಂದು ಮಾಸ್ಕ್ ತೆಗೆದ. ಮುಖದ ಮೇಲೆ ಅದೇ ಕೆಂಪು ಉಂಗುರ. ಆತ ಹೇಳಿದ್ದು ಇಷ್ಟು: ಹೋದ ಬೇಸಿಗೆಯಲ್ಲಿ ತಾನು ಇಳಿದಾಗ ಅಡುಗೆಮನೆ ನಿಂತಿತ್ತು. ಈಗ ಚಿಪ್ಪಿನ ಭಾರಕ್ಕೆ ಮೇಲಿನ ತೊಲೆ ಕುಸಿದಿದೆ, ಶೆಲ್ಫ್ ಇಲ್ಲ. ಶೆಲ್ಫ್ ಇದ್ದ ಜಾಗದ ಅಂದಾಜಿನ ಮೇಲೆ, ತೇಲಿ ಬರದ ಹಾಗೆ, ಒಂದು ಹಲಗೆಯ ಅಡಿ ಸಿಕ್ಕಿಸಿ ಬಂದಿದ್ದಾನೆ.

ಮುಂದಿನ ಶನಿವಾರ ಗ್ಲೆಂಡೇಲ್ ಹೈಟ್ಸಿಗೆ ಡ್ರೈವ್ ಮಾಡಿದೆ. ದಾರಿಯುದ್ದಕ್ಕೂ ಏನು ಹೇಳಲಿ ಎಂದೇ ಯೋಚನೆ. ಶೆಲ್ಫಿನ ಮೇಲೆ ಇಟ್ಟರಂತೆ ಎಂದುಬಿಟ್ಟರೆ ಯಾರಿಗೆ ನಷ್ಟ? ಆದರೆ ಒಬ್ಬರಿಗೊಬ್ಬರು ನೋಯಬಾರದೆಂದು ಇಬ್ಬರೂ ಮುಚ್ಚಿಟ್ಟು ಏನಾಯಿತು ಎಂದು ನೋಡಿದ ಮೇಲೆ ನನ್ನ ಬಾಯಿಂದ ಸುಳ್ಳು ಹೊರಡಲಿಲ್ಲ. ಮಗಳ ಅಡುಗೆಮನೆಯಲ್ಲಿ ಆಂಟಿ ಚಪಾತಿ ಲಟ್ಟಿಸುತ್ತಿದ್ದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ. ಆ ಚಪಾತಿ ಮುಗಿಸಿ, ಹೆಂಚಿಗೆ ಹಾಕಿ, ಆಮೇಲೆ ಕೇಳಿದರು:

“ಹೋದ ಬೇಸಿಗ್ಯಾಗ ಇತ್ತಾ ಶೆಲ್ಫು?”

“ಇತ್ತಂತೆ ಆಂಟಿ.”

“ಹೋದ ಬೇಸಿಗ್ಯಾಗ ಅವರೂ ಇದ್ರು. ಡ್ರಾಯರಿನ್ಯಾಗ ಅದೂ ಇತ್ತು. ನಾನೂ ಅಲ್ಲೇ ಇದ್ದೆ.”