ಬಟಾಣಿ ಬಳ್ಳಿ ಮತ್ತು ಮಾಮನ ಸೇತುವೆ

ನಮ್ಮ ಬೀದಿಯ ಕಟಿಂಗ್ ಮಾಮನ ತಲೆಯ ಮೇಲೊಂದು ಸೇತುವೆ ಇತ್ತು. ಎಡಗಿವಿಯ ಮೇಲಿನ ಕೂದಲನ್ನು ಗೇಣುದ್ದ ಬೆಳೆಸಿ, ಎಣ್ಣೆ ಹಚ್ಚಿ, ಬೋಳು ನೆತ್ತಿಯ ಮೇಲಿಂದ ದಾಟಿಸಿ ಬಲಗಿವಿಯ ಹತ್ತಿರ ಇಳಿಸುತ್ತಿದ್ದರು. ದಿನಾ ಬೆಳಿಗ್ಗೆ ಈ ಕಾಮಗಾರಿಗೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಸೇತುವೆ ಎಂದು ಹೆಸರಿಟ್ಟವರು ಅಂಚೆ ತಾತ. ಮೂವತ್ತು ವರ್ಷ ಮನೆಮನೆಗೆ ಕಾಗದ ಹಂಚಿ ನಿವೃತ್ತರಾದವರು, ಈಗ ಪೇಪರ್ ಓದುವ ನೆಪದಲ್ಲಿ ಮಾಮನ ಅಂಗಡಿಯ ಬೆಂಚನ್ನು ಸವೆಸುತ್ತಿದ್ದರು.

ಬೇರೆಯವರ ತಲೆಯ ವಿಷಯದಲ್ಲಿ ಮಾತ್ರ ಮಾಮ ಬಹಳ ಖಡಕ್ಕು. ನೆತ್ತಿ ತೆಳ್ಳಗಾದ ಗಿರಾಕಿ ಬಂದು ಕುರ್ಚಿಯಲ್ಲಿ ಕೂತು, "ಮೇಲೆ ಸ್ವಲ್ಪ ಮುಚ್ಚೋ ಹಾಗೆ ಬಿಡಿ ಮಾಮ" ಅಂದರೆ ಸಾಕು, ಬಾಚಣಿಗೆ ಕೆಳಗಿಡುತ್ತಿದ್ದರು. "ಮುಚ್ಚೋಕೆ ಹೋದಷ್ಟೂ ಕಾಣುತ್ತೆ. ಇರೋದನ್ನ ಸಣ್ಣಗೆ ಕತ್ತರಿಸಿಬಿಡೋಣ. ಮರ್ಯಾದಸ್ಥರ ಹಾಗೆ ಕಾಣ್ತೀರಿ." ಗಿರಾಕಿ ಕನ್ನಡಿಯಲ್ಲಿ ಮಾಮನ ತಲೆಯನ್ನೇ ನೋಡುತ್ತಿದ್ದ. ಮಾಮ ಮಾತ್ರ ಕತ್ತರಿಯ ಕಡೆ ನೋಡುತ್ತಿದ್ದರು.

ನಾನು ಊರು ಬಿಟ್ಟು ಶಾಲೆಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅಂಗಡಿಯ ಹಿಂದೆಯೇ ಅವರ ಮನೆ. ಎರಡರ ನಡುವೆ ಒಂದು ಪರದೆ ಅಷ್ಟೆ. ಹಾಗಾಗಿ ಅತ್ತೆ, ಅಂದರೆ ಮಾಮನ ಹೆಂಡತಿ, ಅಡುಗೆ ಮಾಡುತ್ತಲೇ ಅಂಗಡಿಯ ಮಾತಿಗೆಲ್ಲ ಉತ್ತರ ಕೊಡುತ್ತಿದ್ದರು. ಸೇತುವೆಯ ಬಗ್ಗೆಯಂತೂ ದಿನಕ್ಕೊಂದು ವರದಿ. "ರೀ, ಇವತ್ತು ಗಾಳಿ ಇದೆ, ಸಂಚಾರ ಬಂದ್ ಮಾಡಿ." "ಸೇತುವೆ ಮೇಲೆ ನೊಣ ಕೂತಿದೆ, ಭಾರ ತಡೆಯುತ್ತೋ ಇಲ್ಲವೋ ನೋಡಿ." ಮಾಮ ಗುರ್ ಅನ್ನುತ್ತಿದ್ದರು. ಗಿರಾಕಿಗಳು ಮುಖದ ಸೋಪು ಉದುರುವ ಹಾಗೆ ನಗುತ್ತಿದ್ದರು.

ಅತ್ತೆಗೆ ಇದ್ದ ಒಂದೇ ಹುಚ್ಚು ಒಳಗಿನ ಕಿಟಕಿಯಲ್ಲಿ ನೇತುಹಾಕಿದ್ದ ಬಟಾಣಿ ಬಳ್ಳಿ. ಹನ್ನೊಂದು ವರ್ಷದ ಹಿಂದೆ ಕನ್ನಡಕ ಮಾಡಿಸಲು ಹೋದ ಅಂಗಡಿಯಲ್ಲಿ ಕೆಳಗೆ ಬಿದ್ದಿದ್ದ ಬೆರಳುದ್ದದ ತುಂಡನ್ನು ಕೇಳಿ ತಂದು ನೆಟ್ಟಿದ್ದರಂತೆ. ಎಲೆ ಎಂದರೆ ಎಲೆಯಲ್ಲ, ಹಸಿ ಬಟಾಣಿಯಂಥ ದುಂಡು ಮಣಿ. ಒಳಗೆಲ್ಲ ನೀರು. ದಾರಕ್ಕೆ ಪೋಣಿಸಿದ ಹಾಗೆ ಸಾಲಾಗಿ ಕುಂಡದಿಂದ ಎರಡು ಮೊಳ ಕೆಳಗೆ ಇಳಿಬಿದ್ದಿತ್ತು. ಅತ್ತೆ ಕೈತೋಟದ ಪುಸ್ತಕ ಓದಿದವರಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಒಂದು ಮಣಿಯನ್ನು ಮೆಲ್ಲಗೆ ಒತ್ತಿ ನೋಡುತ್ತಿದ್ದರು. "ಗಟ್ಟಿಯಾಗಿದೆ. ನೀರು ಬೇಡ." ಬಟ್ಟೆ ಒಗೆದ ಬೆರಳ ತುದಿಯಂತೆ ಸುಕ್ಕು ಬಂದ ದಿನ ಮಾತ್ರ ಒಂದು ಲೋಟ ನೀರು. ಅವರ ವಿದ್ಯೆ ಇಷ್ಟೇ.

ಮಗಳಿಗೆ ಹೆರಿಗೆಯ ದಿನ ಹತ್ತಿರವಾಯಿತು. ಅತ್ತೆ ಮೂರು ತಿಂಗಳ ಮಟ್ಟಿಗೆ ಹೊರಟರು. ಬಸ್ ನಿಲ್ದಾಣಕ್ಕೆ ಚೀಲ ಹೊತ್ತು ನಾನೂ ಹೋಗಿದ್ದೆ. ಬಸ್ಸು ಬಂದ ರಭಸಕ್ಕೆ ಮಾಮನ ಸೇತುವೆ ಮೇಲೆದ್ದು ಒಂದು ಬದಿಗೆ ಬಾವುಟದಂತೆ ನಿಂತಿತು.

"ಈ ನಾಲ್ಕು ಕೂದಲಿಗೆ ಮಾಡೋ ಸೇವೇಲಿ ಅರ್ಧ ನನ್ನ ಬಳ್ಳಿಗೆ ಮಾಡಿದ್ರೆ ಸಾಕು," ಅಂದರು ಅತ್ತೆ, ಕಿಟಕಿಯಲ್ಲಿ ಕೂತು.

"ಅದೇನು ಮಹಾ! ದಿನಾ ನೂರು ತಲೆ ನೋಡ್ಕೊಳ್ಳೋನಿಗೆ ಒಂದು ಗಿಡ ಲೆಕ್ಕವೇನೇ?"

"ಹಾಗಾದ್ರೆ ಮಾತಾಯ್ತು. ನಾನು ಬರೋ ಹೊತ್ತಿಗೆ ಬಳ್ಳಿ ಚೆನ್ನಾಗಿದ್ರೆ ಇನ್ನು ನಿಮ್ಮ ತಲೆ ಸುದ್ದಿ ಎತ್ತಲ್ಲ. ಹೋಗಿದ್ರೆ ಸೇತುವೆ ಕೆಡವಬೇಕು. ಮೇಷ್ಟ್ರೇ, ನೀವೇ ಸಾಕ್ಷಿ."

ಬಸ್ಸು ಹೊರಟಿತು. ಮಾಮ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡೇ ಮನೆಗೆ ಬಂದರು.

ಮಾಮ ಸೋಮಾರಿಯಲ್ಲ. ಅವರ ತಪ್ಪು ನಡೆದದ್ದೇ ಅತಿ ಕಾಳಜಿಯಿಂದ. ಬಂದವರಿಗೆಲ್ಲ ಕಾಣಲಿ ಎಂದು ಕುಂಡವನ್ನು ಒಳಗಿನ ಕಿಟಕಿಯಿಂದ ತಂದು, ಕನ್ನಡಿಯ ಮೇಲೆ, ಸೂರಿಗೆ ತಾಗುವಷ್ಟು ಎತ್ತರದ ಕೊಕ್ಕೆಗೆ ನೇತುಹಾಕಿದರು. ಕನ್ನಡಿಯಲ್ಲಿ ಒಂದು ಬಳ್ಳಿ ಎರಡಾಯಿತು. ಗಿರಾಕಿಯ ತಲೆಗೆ ಬಾಟಲಿಯಿಂದ ಪುಸ್ ಪುಸ್ ಅಂತ ನೀರು ಚಿಮ್ಮಿಸುವವರು, ಅದೇ ಕೈಯಲ್ಲಿ ಮೇಲಕ್ಕೆತ್ತಿ ಕುಂಡಕ್ಕೂ ಪುಸ್ ಪುಸ್. ಇಪ್ಪತ್ತು ಗಿರಾಕಿ ಬಂದರೆ ಬಳ್ಳಿಗೆ ಇಪ್ಪತ್ತು ಸ್ನಾನ.

ತಿಂಗಳು ತುಂಬುವುದರೊಳಗೆ ನೆಲದ ಕೂದಲು ಗುಡಿಸುವಾಗ ಜೊತೆಗೆ ಮಣಿಗಳೂ ಬರತೊಡಗಿದವು. ಹಳದಿ ಬಣ್ಣ, ಮುಟ್ಟಿದರೆ ಪಿಚಕ್. ಅಂಚೆ ತಾತ ಬೆಂಚಿನ ಮೇಲೆ ಹತ್ತಿ ನಿಂತು ಕುಂಡದೊಳಗೆ ಇಣುಕಿದರು. ಇಳಿದು ಬಂದು, ದುಃಖದ ತಂತಿ ತಲುಪಿಸುವವರ ಮುಖ ಮಾಡಿದರು.

"ಏನು ತಾತ?"

"ಏನು ಹೇಳಲಪ್ಪ. ಪಕ್ಕದಲ್ಲೆಲ್ಲ ಉದ್ದಕ್ಕೆ ಇದೆ. ನೆತ್ತಿ ಮಾತ್ರ ಬೋಳು. ಯಜಮಾನರನ್ನೇ ಹೋಲುತ್ತೆ."

 ಆಮೇಲಿನ ದಿನಗಳಲ್ಲಿ ಅತ್ತೆ ವಿಡಿಯೋ ಕಾಲ್ ಮಾಡಿದಾಗಲೆಲ್ಲ ಫೋನನ್ನು ನೆಲದ ಹತ್ತಿರ ಹಿಡಿದು ಇಳಿಬಿದ್ದ ಎಳೆಗಳನ್ನಷ್ಟೇ ತೋರಿಸುತ್ತಿದ್ದರು. ತಮ್ಮ ಫೋಟೋವನ್ನೂ ಅವರು ಯಾವಾಗಲೂ ಕೆಳಗಿನಿಂದಲೇ ತೆಗೆಸುವುದು.

"ಮೇಲೆ ತೋರಿಸ್ರೀ."

"ಮೇಲೆ ಸಿಗ್ನಲ್ ಇಲ್ಲ ಕಣೇ."

ಒಂದು ಸಂಜೆ ಮೆಟ್ಟಿಲ ಮೇಲೆ ನನ್ನ ಪಕ್ಕ ಬಂದು ಕೂತರು. "ಮೇಷ್ಟ್ರೇ, ನೀವು ಹೊಲದಲ್ಲಿ ಬೆಳೆದವರು. ಇದಕ್ಕೇನಾದ್ರೂ ದಾರಿ ಇದೆಯಾ? ನೀವು ಸಾಕ್ಷಿ ಬೇರೆ." ದನಿಯಲ್ಲಿ ತಮಾಷೆ ಇರಲಿಲ್ಲ. ಹೆಂಡತಿ ಹನ್ನೊಂದು ವರ್ಷ ಸಾಕಿದ್ದನ್ನು ಒಂದೇ ತಿಂಗಳಲ್ಲಿ ಕೊಳೆಸಿದೆನಲ್ಲ ಅನ್ನುವ ಸಂಕಟವೂ ಇತ್ತು, ಸೇತುವೆಯ ಚಿಂತೆಯೂ ಇತ್ತು.

ನನಗೆ ಗೊತ್ತಿದ್ದದ್ದು ಗೆಣಸು. "ನಮ್ಮಲ್ಲಿ ಗೆಣಸಿನ ಬಳ್ಳಿ ಮಣ್ಣಿಗೆ ತಾಗಿದ ಕಡೆಯೆಲ್ಲ ಬೇರು ಬಿಡುತ್ತೆ ಮಾಮ. ಇದೂ ಬಳ್ಳಿಯೇ ಅಲ್ವಾ?" ಅಂದೆ.

ಮಾಮ ಎದುರಿನ ಕಿಟಕಿ ಗಾಜಿನಲ್ಲಿ ತಮ್ಮನ್ನೇ ನೋಡಿಕೊಂಡರು. ಕೈ ತಾನಾಗಿ ತಲೆಗೆ ಹೋಯಿತು. ಎಡಗಿವಿಯಿಂದ ಹೊರಟು, ನೆತ್ತಿ ದಾಟಿ, ಬಲಗಿವಿಯ ಹತ್ತಿರ ನಿಂತಿತು.

"ಅರೆ!" ಅಂದರು.

ಮರುದಿನ ವಾರದ ರಜೆ. ಬಾಗಿಲು ಅರ್ಧ ಎಳೆದು, ಕುಂಡವನ್ನು ಗಿರಾಕಿ ಕುರ್ಚಿಯಲ್ಲಿ ಕೂರಿಸಿ, ಸುತ್ತ ಬಿಳಿ ಬಟ್ಟೆ ಹೊದಿಸಿದರು. ಕೊಳೆತ ಕಾಂಡಗಳನ್ನು ಚಿಮಟದಿಂದ ಒಂದೊಂದಾಗಿ ಕಿತ್ತರು. ಮೇಲಿನ ಒದ್ದೆ ಮಣ್ಣು ತೆಗೆದು ಮರಳು ಬೆರೆಸಿದ ಒಣಮಣ್ಣು ತುಂಬಿದರು. ಆಮೇಲೆ ಬದುಕಿದ್ದ ಉದ್ದನೆಯ ಎಳೆಗಳನ್ನು ಎಡಗಡೆಯಿಂದ ಎತ್ತಿ, ಬೋಳಾದ ಮಣ್ಣಿನ ಮೇಲೆ ಸುತ್ತಿ ಸುತ್ತಿ ಮಲಗಿಸಿ, ಅತ್ತೆಯ ಡಬ್ಬಿಯಿಂದ ತಂದ ಹೇರ್‌ಪಿನ್ನುಗಳನ್ನು ಅಲ್ಲಲ್ಲಿ ಚುಚ್ಚಿದರು. ಇಪ್ಪತ್ತೈದು ವರ್ಷದ ಅಭ್ಯಾಸ. ಕೈ ಒಮ್ಮೆಯೂ ತಡವರಿಸಲಿಲ್ಲ.

ಕುಂಡ ಮತ್ತೆ ಕಿಟಕಿಗೆ ಹೋಯಿತು, ನೆತ್ತಿಗೆ ಬೆಳಿಗ್ಗೆಯ ಬಿಸಿಲು ಬೀಳುವ ಹಾಗೆ. ಬಾಟಲಿ ಹಿಡಿದ ಕೈಗೆ ಬುದ್ಧಿ ಬರಲೆಂದು ಕನ್ನಡಿಗೆ "ಬಟಾಣಿಗೆ ಬೇಡ" ಎಂಬ ಚೀಟಿ ಅಂಟಿಸಿದರು. ಹೊಸ ಗಿರಾಕಿಯೊಬ್ಬ, "ಇಲ್ಲಿ ಬಟಾಣಿಗೂ ಕಟಿಂಗ್ ಮಾಡ್ತಿದ್ರಾ?" ಅಂತ ಕೇಳಿದ.

ಎರಡು ತಿಂಗಳ ಮೇಲೆ ಅತ್ತೆ ಬಂದರು. ಮೊಮ್ಮಗಳ ಫೋಟೋ ತೋರಿಸುವುದಕ್ಕೂ ಮುಂಚೆ ಕಿಟಕಿಗೆ ಹೋದರು. ಎಳೆಗಳು ಮೊದಲಿನಷ್ಟು ಉದ್ದವಿರಲಿಲ್ಲ, ಆದರೆ ನೆತ್ತಿಯ ತುಂಬ ಹೊಸ ಮಣಿ, ಸಾಸಿವೆಯಷ್ಟು ಸಣ್ಣವು. ಅವುಗಳ ನಡುವೆ ಏನೋ ಮಿನುಗಿತು. ಎಳೆದರು. ಅವರದೇ ಹೇರ್‌ಪಿನ್.

"ಓಹೋ. ಇಲ್ಲೂ ಸೇತುವೆ!"

ಮಾಮ ಕತ್ತರಿ ಹಿಡಿದುಕೊಂಡೇ ಅಲುಗದೆ ನಿಂತರು. ಗಿರಾಕಿಯೂ ಕತ್ತು ಬಗ್ಗಿಸಿ ಹಾಗೇ ಕೂತಿದ್ದ. ಅತ್ತೆ ಒಂದು ಎಳೆಯನ್ನು ಹಿಡಿದು ಮೆಲ್ಲಗೆ ಜಗ್ಗಿದರು. ಬರಲಿಲ್ಲ. ಇನ್ನೊಂದನ್ನು ಜಗ್ಗಿದರು. ಅದೂ ಬೇರು ಹಿಡಿದಿತ್ತು. ಹೇರ್‌ಪಿನ್ನನ್ನು ಮುಡಿಗೆ ಸಿಕ್ಕಿಸಿಕೊಂಡು, "ಸರಿ. ನಾನು ಸೋತೆ," ಅಂದು ಪರದೆಯ ಆಚೆ ಹೋದರು.

ಅಂಚೆ ತಾತ ಎದ್ದು ಮಾಮನ ಕೈ ಕುಲುಕಿದರು. ಆದರೆ ಕಷ್ಟ ಶುರುವಾದದ್ದೇ ಆಮೇಲೆ. ಅತ್ತೆ ಕೊಟ್ಟ ಮಾತಿಗೆ ತಪ್ಪುವವರಲ್ಲ. ಬೆಳಿಗ್ಗೆ ಕಾಮಗಾರಿ ನಡೆಯುವಾಗ ಪಕ್ಕದಲ್ಲೇ ಹಾದು ಹೋಗುತ್ತಿದ್ದರು, ತುಟಿ ಬಿಚ್ಚುತ್ತಿರಲಿಲ್ಲ. ಸೇತುವೆ ಹಾರಿದರೆ ಮುಖ ತಿರುಗಿಸಿ, ಗ್ಯಾಸ್ ಮುಗಿಯುತ್ತಾ ಬಂತು ಅನ್ನುತ್ತಿದ್ದರು. ಅಂಗಡಿಯಲ್ಲಿ ಕತ್ತರಿಯ ಸದ್ದು ಬಿಟ್ಟರೆ ಬೇರೆ ಇಲ್ಲ. ಮಾಮನೇ ಕೆಣಕಿ ನೋಡಿದರು.

"ಇವತ್ತು ಗಾಳಿ ಜೋರಾಗಿದೆ ಅಲ್ವೇನೇ?"

"ಹೂಂ."

"ಬಾಗಿಲಲ್ಲಿ ನಿಂತ್ರೆ ಏನು ಬೇಕಾದ್ರೂ ಹಾರಿಹೋಗಬಹುದು."

"ಬಾಗಿಲು ಹಾಕ್ಕೊಳ್ಳಿ."

ಎಂಟು ದಿನ ಹೀಗೆ ನಡೆಯಿತು. ಒಂಬತ್ತನೆಯ ದಿನ ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಗಿರಾಕಿ ಕುರ್ಚಿಯಲ್ಲಿ ಬಿಳಿ ಬಟ್ಟೆ ಹೊದ್ದು ಮಾಮನೇ ಕೂತಿದ್ದರು. ಎದುರಿಗೆ ಅತ್ತೆ. ಅವರ ಕೈಗೆ ಮಾಮ ಕತ್ತರಿ ಕೊಡುತ್ತಿದ್ದರು.

"ತಲೆ ಸುದ್ದಿ ಎತ್ತಲ್ಲ ಅಂತ ತಾನೇ ಮಾತು ಕೊಟ್ಟಿದ್ದು? ಕತ್ತರಿ ಎತ್ತಲ್ಲ ಅಂತ ಅಲ್ಲವಲ್ಲ. ತಗೋ."

"ನೀವು ಗೆದ್ದಿದ್ದೀರಿ ರೀ."

"ಗೆದ್ದು ಏನು ಮಾಡಲಿ! ಬಳ್ಳಿಗೆ ಎರಡೇ ತಿಂಗಳಲ್ಲಿ ಬೇರು ಬಂತು. ಇದು ಇಪ್ಪತ್ತೈದು ವರ್ಷ ಆದ್ರೂ ಬೇರು ಬಿಡಲಿಲ್ಲ. ಕತ್ತರಿಸು. ಸೇತುವೆನೇ ಇಲ್ಲದ ಮೇಲೆ ನಿನ್ನ ಮಾತೂ ವಜಾ. ಆಮೇಲೆ ಬಾಯಿಗೆ ಬಂದದ್ದು ಅನ್ನು."

ಅತ್ತೆ ಎಡಗಿವಿಯ ಹತ್ತಿರ ಒಂದೇ ಸಲ ಕತ್ತರಿ ಆಡಿಸಿದರು. ಗೇಣುದ್ದದ ಸೇತುವೆ ಬಟ್ಟೆಯ ಮೇಲೆ ಜಾರಿ ನೆಲಕ್ಕೆ ಬಿತ್ತು. ಮಾಮ ಕಣ್ಣು ಮುಚ್ಚಿಕೊಂಡಿದ್ದರು. ಅತ್ತೆ ಕತ್ತರಿ ಕೆಳಗಿಟ್ಟು, ಹೊಳೆಯುವ ಆ ನೆತ್ತಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರು.

"ಗಟ್ಟಿಯಾಗಿದೆ," ಅಂದರು. "ನೀರು ಬೇಡ."