ಹೊಲಿದ ಬೆರಳು, ಸಿಗದ ಹೆಸರು

ಒಂದು ಭಾನುವಾರ ಬಂಗಡೆ ಮೀನು ಹೆಚ್ಚುತ್ತಿದ್ದಾಗ ಮೆಟ್ಟುಗತ್ತಿ ನನ್ನ ಬಲಗೈ ತೋರುಬೆರಳಿನ ಬುಡಕ್ಕೆ ಇಳಿಯಿತು. ರಕ್ತಕ್ಕಿಂತ ಹೆಚ್ಚು ಹೆದರಿಸಿದ್ದು ಬೆರಳು. ಮುಷ್ಟಿ ಕಟ್ಟಲು ನೋಡಿದರೆ ಉಳಿದವೆಲ್ಲ ಮಡಚಿಕೊಂಡವು, ಅದೊಂದು ಮಾತ್ರ ನನ್ನದಲ್ಲವೆಂಬಂತೆ ನೆಟ್ಟಗೆ ನಿಂತಿತ್ತು. ಗಂಡ ಕೈಗೆ ಟವೆಲ್ ಸುತ್ತಿ, ಹಳದೀಪುರದಿಂದ ಕುಮಟಾಕ್ಕೆ ರಿಕ್ಷಾದಲ್ಲಿ ಕರೆದೊಯ್ದರು.

ಬೆರಳನ್ನು ಮಡಿಸುವ ಒಳಗಿನ ಹುರಿ ತುಂಡಾಗಿತ್ತು. ಮರುದಿನ ಶಸ್ತ್ರಚಿಕಿತ್ಸೆ. ಬೆರಳಿನ ಸುತ್ತ ಮಾತ್ರ ಮರಗಟ್ಟಿಸಿದ್ದರು, ನನಗೆ ಪೂರ್ತಿ ಎಚ್ಚರವಿತ್ತು. ಹಸಿರು ಬಟ್ಟೆಯ ಆಚೆಯಿಂದ ಡಾಕ್ಟರು, "ಈಗ ನಿಧಾನ ಮಡಿಸಿ, ಹೊಲಿಗೆ ನಿಲ್ತದಾ ನೋಡುವಾ," ಎಂದರು. ಗಾಯ ಇನ್ನೂ ತೆರೆದೇ ಇತ್ತು. ಕಣ್ಣು ಮುಚ್ಚಿ ಮಡಿಸಿದೆ. "ಆತು," ಎಂದರು. ಆರು ವಾರ ಕೈಯ ಪಟ್ಟಿ ಬಿಚ್ಚಬಾರದು, ಹೊಲಿಗೆ ಕಿತ್ತರೆ ಎಲ್ಲ ಮೊದಲಿಂದ ಎಂದು ಎರಡು ಸಲ ಹೇಳಿ ಕಳಿಸಿದರು.

ಮನೆಯಲ್ಲಿ ಕೂತ ಆ ದಿನಗಳಲ್ಲಿ ಊಟ ರುಚಿಸಲಿಲ್ಲ, ರಾತ್ರಿ ನಿದ್ರೆ ಬರಲಿಲ್ಲ. ಎದ್ದರೆ ಯಾಕೆ ಎದ್ದೆ ಅನಿಸುತ್ತಿತ್ತು. ಕೈಗೆ ಹೀಗಾದದ್ದಕ್ಕೇ ಇರಬೇಕು ಅಂದುಕೊಂಡೆ. ಮೂರನೇ ವಾರ ಹಟ ಮಾಡಿ ನಾನು ಕಲಿಸುವ ಶಾಲೆಗೆ ಹೋದೆ. ಪುಸ್ತಕ ನೋಡದೆ ಹಾಜರಿ ಕರೆಯುವುದು ನನ್ನ ಹೆಮ್ಮೆಯಾಗಿತ್ತು. ಅಂದು ಮೊದಲ ಸಾಲಿನ ಹುಡುಗಿಯ ಮುಖ ನೋಡುತ್ತ ನಿಂತುಬಿಟ್ಟೆ. ಎರಡು ವರ್ಷದಿಂದ ನನ್ನ ಹತ್ತಿರವೇ ಕಲಿಯುತ್ತಿರುವ ಮಗು. ಹೆಸರು ಬರಲಿಲ್ಲ.

"ನಾ ಬಂದಿದ್ದೆ ಅಕ್ಕೋರೆ," ಎಂದು ಮಗುವೇ ಕೈ ಎತ್ತಿತು.

ನನ್ನ ಅಮ್ಮ ಕೊನೆಯ ವರ್ಷಗಳಲ್ಲಿ ನನ್ನನ್ನೇ ನೋಡಿ, "ನೀವು ಯಾವ ಊರವ್ರು?" ಎಂದು ಕೇಳುತ್ತಿದ್ದಳು. ಅವಳ ನೆನಪಿನಿಂದಲೂ ಮೊದಲು ಹೋದದ್ದು ಹೆಸರುಗಳೇ. ನನಗಿನ್ನೂ ನಲವತ್ತಾರು.

ಮುಂದಿನ ವಾರ ಹೊನ್ನಾವರದಲ್ಲಿ ಕೆಲಸವಿದೆಯೆಂದು ಬಸ್ಸು ಹತ್ತಿದವಳಿಗೆ ಎಚ್ಚರವಾದದ್ದು ಸೇತುವೆಯ ಕೆಳಗೆ ಶರಾವತಿ ಕಂಡಾಗ. ಬಸ್ಸು ಇಳಿಯಬೇಕಾದ ಊರು ದಾಟಿ ಭಟ್ಕಳದ ದಾರಿ ಹಿಡಿದಿತ್ತು. ಯಾವ ಕೆಲಸಕ್ಕೆ ಹೊರಟಿದ್ದೆನೆಂಬುದೂ ನೆನಪಾಗಲಿಲ್ಲ. ಮನೆಯಲ್ಲಿ ಹೇಳಲಿಲ್ಲ. ಅಂಗೈಯಲ್ಲಿ ಬರೆದುಕೊಳ್ಳೋಣವೆಂದರೆ ಬರೆಯುವ ಕೈಯೇ ಕಟ್ಟಿನಲ್ಲಿತ್ತು.

ಆಮೇಲೊಂದು ಮಧ್ಯಾಹ್ನ ಪಾತ್ರೆ ತೊಳೆದು ತಿರುಗಿದರೆ, ಕೈಯ ಪಟ್ಟಿ ಕಿಟಕಿಯ ಮೇಲಿದೆ. ಯಾವಾಗ ಬಿಚ್ಚಿದೆನೋ ಗೊತ್ತಿಲ್ಲ. ಬರಿಗೈಯಲ್ಲಿ ಕಬ್ಬಿಣದ ಬಾಣಲೆ ತಿಕ್ಕಿದ್ದೆ. ಪಟ್ಟಿ ಮತ್ತೆ ಕಟ್ಟಿಕೊಂಡು ಮರುದಿನವೇ ಕುಮಟಾದ ಆಸ್ಪತ್ರೆಗೆ ಹೋದೆ.

ಅಲ್ಲಿ ನನಗೆ ಬೆರಳಿನ ವ್ಯಾಯಾಮ ಕಲಿಸುತ್ತಿದ್ದವಳು ಭಟ್ಕಳದ ಹುಡುಗಿ. ಪಟ್ಟಿ ಬಿಚ್ಚಿದ್ದೇ ಗೊತ್ತಾಗಲಿಲ್ಲ ಎಂದಾಗ ಬೆರಳನ್ನು ತಿರುಗಿಸಿ, ಒತ್ತಿ ನೋಡಿ, "ಪುಣ್ಯಕ್ಕೆ ಹೊಲಿಗೆ ಗಟ್ಟಿ ಇದೆ," ಎಂದಳು. ಆಮೇಲೆ ದನಿ ತಗ್ಗಿಸಿ, "ಅಕ್ಕಾ, ಬೇರೆ ಎಂತೆಂತ ಮರ್ತು ಹೋಗ್ತದೆ?" ಎಂದು ಕೇಳಿದಳು. ಆವರೆಗೆ ಯಾರೂ ಕೇಳದ್ದನ್ನು ಅವಳು ಕೇಳಿದಳು. ಎಲ್ಲ ಹೇಳಿಬಿಟ್ಟೆ.

ಮನಸ್ಸು ಕುಗ್ಗಿದವರ ನೆನಪು ಹೇಗಾಗುತ್ತದೆಂದು ಅಲ್ಲಿ ಒಬ್ಬ ಡಾಕ್ಟರಮ್ಮ ಸಂಶೋಧನೆ ನಡೆಸುತ್ತಿದ್ದರು. ಕೈಗೆ ಪೆಟ್ಟಾದವರನ್ನೂ ಸೇರಿಸಿಕೊಳ್ಳುತ್ತಿದ್ದರು. ಹುಡುಗಿ ನನ್ನನ್ನು ಅವರ ಹತ್ತಿರ ಕರೆದೊಯ್ದಳು. "ಬೇಡ ಅಂದ್ರೆ ಬೇಡ. ನಿಮ್ಮ ಬೆರಳಿನ ಚಿಕಿತ್ಸೆಗೆ ಎಂತ ತೊಂದ್ರೆಯೂ ಇಲ್ಲ," ಎಂದು ಒಪ್ಪಿಗೆ ಪತ್ರ ಓದಿ ಹೇಳಿದರು. ಅಕ್ಷರ ಕಲಿಸುವ ನಾನು ಎಡಗೈ ಹೆಬ್ಬೆಟ್ಟು ಒತ್ತಿದೆ. ತಲೆ ಕೆಟ್ಟವಳೆಂದು ಶಾಲೆಯಲ್ಲಿ ಗೊತ್ತಾದರೆ ಎಂಬ ಭಯಕ್ಕೆ ಒತ್ತುತ್ತಲೇ ಬೆರಳು ಎಳೆದುಕೊಂಡೆ, ಗುರುತು ಕಲಸಿಹೋಯಿತು. ಇನ್ನೊಮ್ಮೆ ಒತ್ತಿಸಿಕೊಂಡರು.

ಹತ್ತು ಶಬ್ದ ಓದಿದರು. ಬೇರೆ ಏನೇನೋ ಲೆಕ್ಕ, ಚಿತ್ರ ಮಾಡಿಸಿ, ಆ ಹತ್ತನ್ನು ಹೇಳಿ ಎಂದರು. ಮೂರು ಹೇಳಿದೆ. ನಾಲ್ಕನೆಯದಕ್ಕೆ ಬಾಯಿ ತೆರೆದರೆ ಅಳು ಬಂತು.

"ಅಮ್ಮನ ಕಾಯಿಲೆಯೇ ನಂಗೂ ಬಂತಾ?"

"ಒಂದು ಪರೀಕ್ಷೆಯಿಂದ ನಾನು ಬಂತು ಅಂತಲೂ ಹೇಳೂದಿಲ್ಲ, ಇಲ್ಲ ಅಂತಲೂ ಹೇಳೂದಿಲ್ಲ. ಆದ್ರೆ ನಿಮ್ಗೆ ಊಟ ಸೇರೂದಿಲ್ಲ, ನಿದ್ರೆ ಇಲ್ಲ. ಖಿನ್ನತೆ ಬಂದಾಗ ಗಮನ ನಿಲ್ಲೂದಿಲ್ಲ. ಗಮನ ಇಲ್ದೇ ಕೇಳಿದ್ದು ಒಳಗೇ ಹೋಗಿರೂದಿಲ್ಲ. ಹೋಗದ್ದು ನೆನಪಾಗೂದು ಹೇಗೆ? ಮೊದ್ಲು ಅದಕ್ಕೆ ಔಷಧ ಮಾಡುವಾ."

ಮಾನಸಿಕ ತಜ್ಞರಿಗೆ ಚೀಟಿ ಬರೆದುಕೊಟ್ಟರು. ಚೀಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಗೆ ಬಂದೆ. ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ಗಂಡನಿಗೆ ಎಷ್ಟೋ ಹೊತ್ತಿನ ಮೇಲೆ ಅದನ್ನು ಕೊಟ್ಟೆ. ಅವರು ಓದಿ, ಮಡಚಿ ಜೇಬಿಗಿಟ್ಟುಕೊಂಡರು.

"ಪಟ್ಟಿ ಬಿಚ್ಚಿಟ್ಟದ್ದು ನಾ ಅವತ್ತೇ ನೋಡಿದ್ದೆ. ಕೇಳೂಕೆ ಹೆದ್ರಿಕೆ ಆತು," ಎಂದರು.

ಮಾತ್ರೆ ಶುರುವಾಗಿ ಕೆಲವು ತಿಂಗಳುಗಳ ಮೇಲೆ ಅದೇ ಡಾಕ್ಟರಮ್ಮ ಬೇರೆ ಹತ್ತು ಶಬ್ದ ಓದಿದರು. ಏಳು ಹೇಳಿದೆ. ಒಳ್ಳೆಯದಾಗಿದೆ ಎಂದು ಬರೆದುಕೊಂಡರು. ಬೆರಳು ಅಂಗೈಯನ್ನು ಪೂರ್ತಿ ಮುಟ್ಟುವುದಿಲ್ಲ, ಆದರೂ ಸೀಮೆಸುಣ್ಣ ಹಿಡಿಯುತ್ತದೆ. ಮಕ್ಕಳ ಹೆಸರುಗಳು ಹೆಚ್ಚಿನವು ಬಂದಿವೆ. ಆ ಪರೀಕ್ಷೆಯ ದಿನ ಬಸ್ಸಿನಲ್ಲಿ ಮನೆಗೆ ಬರುವಾಗ ಮಾತ್ರ, ಉಳಿದ ಮೂರು ಶಬ್ದ ಯಾವುವೆಂದು ಹಳದೀಪುರದವರೆಗೂ ಹುಡುಕುತ್ತ ಕೂತಿದ್ದೆ.